ಹಿತ್ತಲ ಕೋಳಿ ಮೆತ್ತನೆ ಮೊಟ್ಟೆ ಇಟ್ಟರೆ ಏನು ಮಾಡಬೇಕು: ಸಮಗ್ರ ಮಾರ್ಗದರ್ಶಿ

ಮೈಸೂರು, ಮಂಡ್ಯ ಕಡೆ ಹಿತ್ತಲಲ್ಲಿ ನಾಲ್ಕಾರು ಕೋಳಿ ಸಾಕುವ ಮನೆಗಳಲ್ಲಿ ಈಗ ನಾಟಿ ಕೋಳಿಗಳ ಜೊತೆ ಗಿರಿರಾಜ, ಸ್ವರ್ಣಧಾರ, ಕಂದು ಮೊಟ್ಟೆಯ ಬಿವಿ 380 ಇಂಥ ಹೊಸ ತಳಿಗಳೂ ಸೇರಿಕೊಂಡಿವೆ. ಕೋಳಿ ಬದಲಾದರೂ ಮೇವು ಮಾತ್ರ ಅಜ್ಜಿ ಕಾಲದ್ದೇ: ಒಂದು ಹಿಡಿ ರಾಗಿ, ಅಕ್ಕಿ ನುಚ್ಚು, ರಾತ್ರಿ ಮಿಕ್ಕ ಅನ್ನ, ಮುದ್ದೆ, ಉಳಿದದ್ದು ತಿಪ್ಪೆಯಲ್ಲಿ ಕೆದಕಿಕೊಂಡದ್ದು. ಹೀಗಿರುವಾಗ ಒಂದು ಬೆಳಿಗ್ಗೆ ಗೂಡಿನಲ್ಲಿ ಸಿಪ್ಪೆಯೇ ಇಲ್ಲದ ಮೊಟ್ಟೆ ಸಿಗುತ್ತದೆ. ಒಬ್ಬರು ಕೋಳಿಗೆ ದೃಷ್ಟಿ ಆಗಿದೆ ಅನ್ನುತ್ತಾರೆ, ಇನ್ನೊಬ್ಬರು ಎಲೆಅಡಿಕೆ ಸುಣ್ಣ ಕದಡಿ ಕುಡಿಸಿ ಅನ್ನುತ್ತಾರೆ. ಎರಡೂ ಬೇಡ. ಸುಣ್ಣ ಯಾಕೆ ಬೇಡ ಅನ್ನುವುದನ್ನು ಮುಂದೆ ಹೇಳುತ್ತೇನೆ.

ನಾಟಿ ಹೇಂಟೆ ಒಂದು ಸರ್ತಿಗೆ ಹತ್ತು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂತುಬಿಡುತ್ತದೆ. 21 ದಿನ ಕಾವು, ಆಮೇಲೆ ಮರಿಗಳ ಹಿಂದೆ ಎರಡು ಮೂರು ತಿಂಗಳು. ಮೊಟ್ಟೆಗಾಗಿ ಮೂಳೆಯಿಂದ ಕರಗಿಹೋದ ಕ್ಯಾಲ್ಸಿಯಂ ಅಷ್ಟರಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ವರ್ಷಕ್ಕೆ ಅದು ಇಡುವುದು ಸುಮಾರು 50–60 ಮೊಟ್ಟೆ. ಮೊಟ್ಟೆಗೆಂದೇ ಬೆಳೆಸಿದ ಹೈಬ್ರಿಡ್ ಹೇಂಟೆಗೆ ಈ ಬಿಡುವೇ ಇಲ್ಲ. ಅದು ಕಾವಿಗೆ ಕೂರದೆ 250ಕ್ಕೂ ಹೆಚ್ಚು ಇಡುತ್ತದೆ. ಒಂದು ಸಿಪ್ಪೆಗೆ 2 ಗ್ರಾಂಗಿಂತ ಸ್ವಲ್ಪ ಜಾಸ್ತಿ ಕ್ಯಾಲ್ಸಿಯಂ ಬೇಕು. ಅಂದರೆ ನಾಟಿ ಹೇಂಟೆಗೆ ವರ್ಷಕ್ಕೆ ನೂರಿಪ್ಪತ್ತು ಗ್ರಾಂ ಸಾಕಾದರೆ ಹೈಬ್ರಿಡ್ ಹೇಂಟೆಗೆ ಅರ್ಧ ಕೆಜಿಗೂ ಮಿಕ್ಕಿ ಬೇಕು. ಕೋಳಿಯ ಇಡೀ ಮೈಯಲ್ಲಿ ಇರುವುದೇ 20 ಗ್ರಾಂ ಆಸುಪಾಸು. ನಮ್ಮ ಕಡೆಯ ಹಿತ್ತಲುಗಳಲ್ಲಿ ಕಾಣುವ ಮೆತ್ತನೆ ಮೊಟ್ಟೆಗಳಲ್ಲಿ ಹೆಚ್ಚಿನವು ಹಳೇ ಮೇವಿಗೂ ಹೊಸ ತಳಿಗೂ ಇರುವ ಈ ಅಂತರದಿಂದಲೇ ಬರುತ್ತವೆ ಅನ್ನುವುದು ನನ್ನ ಗಟ್ಟಿ ನಂಬಿಕೆ. ಹಾಗಂತ ಕಣ್ಣುಮುಚ್ಚಿ ಕ್ಯಾಲ್ಸಿಯಂ ಸುರಿಯುವುದೂ ಸರಿಯಲ್ಲ. ಸೆಕೆ, ಬೆದರಿಕೆ, ಕಾಯಿಲೆಯಿಂದಲೂ ಇದು ಆಗುತ್ತದೆ. ಆದ್ದರಿಂದ ಒಂದೊಂದಾಗಿ ನೋಡಿಕೊಂಡು ಹೋಗೋಣ.

ಮೊದಲು ಕೋಳಿ ಹೇಗಿದೆ ನೋಡಿ

ಮೊಟ್ಟೆಗಿಂತ ಮುಂಚೆ ಕೋಳಿಯ ಕಡೆ ಗಮನ ಕೊಡಿ. ಮೇವಿಗೆ ಓಡಿ ಬರುತ್ತಿದ್ದರೆ, ಜುಟ್ಟು ಕೆಂಪಗಿದ್ದರೆ, ಮಾಮೂಲಿನಂತೆ ಕೆದಕುತ್ತಿದ್ದರೆ ಅವಸರವೇನಿಲ್ಲ. ಒಂದು ಮೂಲೆಯಲ್ಲಿ ಗರಿ ಉಬ್ಬಿಸಿಕೊಂಡು ನಿಂತಿದ್ದರೆ, ಎದೆ ಎತ್ತಿ ಬಾಲ ಇಳಿಬಿಟ್ಟು ನಡೆಯುತ್ತಿದ್ದರೆ, ಮತ್ತೆ ಮತ್ತೆ ತಿಣುಕುತ್ತಾ ಬಾಲ ಮೇಲೆ ಕೆಳಗೆ ಆಡಿಸುತ್ತಿದ್ದರೆ ಒಳಗೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಮೆತ್ತನೆ ಮೊಟ್ಟೆಗೆ ಹೀಗೆ ಸಿಕ್ಕಿಕೊಳ್ಳುವ ಗುಣ ಜಾಸ್ತಿ, ಏಕೆಂದರೆ ಗಟ್ಟಿ ಮೊಟ್ಟೆಯನ್ನು ಒಳಗಿನ ಸ್ನಾಯು ಹಿಡಿದು ಹೊರಗೆ ತಳ್ಳಬಲ್ಲದು, ಮೆತ್ತನೆಯದಕ್ಕೆ ಹಿಡಿತ ಸಿಗದು. ಮೇಲಾಗಿ ಮೈಯಲ್ಲಿ ಕ್ಯಾಲ್ಸಿಯಂ ಕಡಿಮೆಯಾದಾಗ ಆ ಸ್ನಾಯುವಿಗೂ ಬಲ ಇರುವುದಿಲ್ಲ.

ಅಂಥ ಕೋಳಿಯನ್ನು ಅಗಲವಾದ ಬೇಸನ್ನಿನಲ್ಲಿ, ಮಗುವಿಗೆ ಎರೆಯುವಷ್ಟು ಬೆಚ್ಚಗಿನ ನೀರಿನಲ್ಲಿ, ಹೊಟ್ಟೆ ಮುಳುಗುವಂತೆ 15–20 ನಿಮಿಷ ಕೂರಿಸಿ. ರೆಕ್ಕೆ ಅದುಮಿ ಹಿಡಿದು ಮೆಲ್ಲಗೆ ಮಾತಾಡಿಸುತ್ತಿದ್ದರೆ ಸ್ವಲ್ಪ ಹೊತ್ತಿಗೆ ತಾನೇ ಸುಮ್ಮನಾಗುತ್ತದೆ. ಆಮೇಲೆ ಮೈ ಚೆನ್ನಾಗಿ ಒರೆಸಿ, ಮೊಟ್ಟೆ ಬರುವ ಜಾಗದ ಸುತ್ತ ಕೊಬ್ಬರಿ ಎಣ್ಣೆ ಸವರಿ, ಒಳಗೆ ಬಟ್ಟೆ ಹಾಸಿದ ಮಂಕರಿಯಲ್ಲೋ ರಟ್ಟಿನ ಪೆಟ್ಟಿಗೆಯಲ್ಲೋ ಬೆಚ್ಚಗೆ, ಮಬ್ಬು ಬೆಳಕಲ್ಲಿ ಬಿಡಿ. ಹೊಟ್ಟೆ ಅಮುಕಬೇಡಿ. ಮೊಟ್ಟೆ ಇದೆಯಾ ಎಂದು ಬೆರಳಿಟ್ಟು ನೋಡುವ ರೂಢಿ ನಮ್ಮಲ್ಲಿ ಹಳೆಯದು, ಆದರೆ ಮೆತ್ತನೆ ಮೊಟ್ಟೆ ಇಡುವ ಕೋಳಿಗೆ ಅದು ಸಲ್ಲ. ಪೊರೆ ಒಳಗೇ ಹರಿದರೆ ಹೊಟ್ಟೆಯಲ್ಲಿ ಕೀವಾಗಿ ಕೋಳಿ ಉಳಿಯದೇ ಹೋಗಬಹುದು. ನಾಲ್ಕೈದು ಗಂಟೆಯಲ್ಲಿ ಮೊಟ್ಟೆ ಬರದಿದ್ದರೆ, ಕಾಲು ಬಲ ಕಳೆದುಕೊಂಡು ಕೂತಲ್ಲೇ ಕೂತಿದ್ದರೆ, ಅಥವಾ ಕೆಂಪು ಮಾಂಸ ಹೊರಗೆ ಬಂದಿದ್ದರೆ ಪಶು ಆಸ್ಪತ್ರೆಗೆ ಒಯ್ಯಿರಿ. ಡಾಕ್ಟರು ಕ್ಯಾಲ್ಸಿಯಂ ಇಂಜೆಕ್ಷನ್ ಕೊಟ್ಟರೆ ಕೆಲವು ಸಲ ಬೇಗನೆ ಚೇತರಿಸಿಕೊಳ್ಳುತ್ತದೆ. ಹಳ್ಳಿಯಲ್ಲಿ ಆಸ್ಪತ್ರೆ ದೂರ ಇದ್ದರೆ ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಕೇಳಿ.

ಇನ್ನು ಮೊಟ್ಟೆಯನ್ನು ನೋಡಿ

ಸಿಪ್ಪೆಯೇ ಇಲ್ಲದ ಮೊಟ್ಟೆಯನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿ. ಹೊರಗಡೆ ಬರೀ ಬಿಳಿ ಪೊರೆ, ಸ್ವಲ್ಪ ಒದ್ದೆ. ಬೆರಳೊತ್ತಿದರೆ ಗುಳಿ ಬಿದ್ದು ನಿಧಾನಕ್ಕೆ ಮೇಲೇಳುತ್ತದೆ. ಕಿಟಕಿ ಬೆಳಕಿಗೆ ಹಿಡಿದರೆ ಒಳಗೆ ಹಳದಿ ಓಲಾಡುವುದು ನೆರಳಾಗಿ ಕಾಣುತ್ತದೆ. ಕೆಲವದರ ಒಂದು ತುದಿಯಲ್ಲಿ ಬಾಲದಂತೆ ಪೊರೆ ಮುರುಟಿಕೊಂಡಿರುತ್ತದೆ. ಇದು ಸಿಪ್ಪೆ ಕಟ್ಟುವ ಜಾಗದಲ್ಲಿ ನಿಲ್ಲದೆ ಹೊರಗೆ ಬಂದುಬಿಟ್ಟ ಮೊಟ್ಟೆ. ಇಂಥದ್ದು ಹೆಚ್ಚಾಗಿ ರಾತ್ರಿ ಹೊತ್ತಿನಲ್ಲಿ, ಕೋಳಿ ಕೂರುವ ಕೋಲಿನ ಕೆಳಗೇ ಬಿದ್ದಿರುತ್ತದೆ.

ಇನ್ನೊಂದು ಬಗೆ ತೆಳು ಸಿಪ್ಪೆಯದು. ನೋಡಲು ಸರಿಯಾಗೇ ಇರುತ್ತದೆ, ಎತ್ತಿಕೊಳ್ಳುವಾಗ ಹೆಬ್ಬೆರಳು ಒಳಗೆ ಹೋಗುತ್ತದೆ. ಇದು ಕ್ಯಾಲ್ಸಿಯಂ ಕೊರತೆಗೂ ಬೇಸಿಗೆಯ ಸೆಕೆಗೂ ಸಾಮಾನ್ಯ ಗುರುತು. ಮೂರನೆಯದು ಸುಕ್ಕು ಸುಕ್ಕಾಗಿ, ಸೊಟ್ಟಗೆ, ಬಣ್ಣಗೆಟ್ಟು ಬರುವ ಮೊಟ್ಟೆ. ಒಡೆದು ತಟ್ಟೆಗೆ ಹಾಕಿದಾಗ ಬಿಳಿ ಲೋಳೆ ನೀರಿನಂತೆ ಹರಿದರೆ ಕಾಯಿಲೆಯ ಕಡೆ ಯೋಚಿಸಬೇಕು.

ಒಂದೇ ಹೇಂಟೆ ಬೆಳಿಗ್ಗೆ ಗಟ್ಟಿ ಮೊಟ್ಟೆ ಇಟ್ಟು ಅದೇ ಸಂಜೆ ಮೆತ್ತನೆಯದೊಂದು ಇಟ್ಟರೆ ಚಿಂತೆ ಬೇಡ. ಎರಡು ಹಳದಿ ಹತ್ತಿರ ಹತ್ತಿರ ಇಳಿದಾಗ ಎರಡನೆಯದಕ್ಕೆ ಸಿಪ್ಪೆ ಕಟ್ಟಲು ಸಮಯ ಸಿಕ್ಕಿರುವುದಿಲ್ಲ. ಹೊಸದಾಗಿ ಮೊಟ್ಟೆಗೆ ಬಂದ ಎಳೇ ಹೇಂಟೆಯ ಮೊದಲ ಒಂದೆರಡು ವಾರ, ಗರಿ ಉದುರಿಸುವ ಕಾಲದ ಆಚೆ ಈಚೆ, ಎರಡು ಮೂರು ವರ್ಷ ದಾಟಿದ ಮುದಿ ಕೋಳಿಗಳಲ್ಲಿ ಕೂಡ ಆಗೊಂದು ಈಗೊಂದು ಮೆತ್ತನೆಯದು ಬರುತ್ತದೆ. ವಾರದಲ್ಲಿ ಎರಡು ಮೂರು ಸಲ ಬರತೊಡಗಿದರೆ ಮಾತ್ರ ಮುಂದಿನ ಕೆಲಸಕ್ಕೆ ಕೈಹಾಕಿ.

ಕೋಳಿ ಹಲವು ಇದ್ದರೆ ಯಾವುದು ಇಡುತ್ತಿದೆ ಎಂದು ಗೊತ್ತಾಗಬೇಕಲ್ಲ. ಅನುಮಾನ ಇರುವ ಹೇಂಟೆಯನ್ನು ಕತ್ತಲಾಗುವ ಮೊದಲು ಬೇರೆ ಪಂಜರದಲ್ಲೋ ಮಂಕರಿ ಕೆಳಗೋ ಕೂಡಿ, ಮಾರನೆಯ ದಿನ ಮಧ್ಯಾಹ್ನದವರೆಗೆ ಅಲ್ಲೇ ಮೇವು ನೀರು ಕೊಡಿ. ಒಂದು ಹೇಂಟೆ ಮಾತ್ರ ಇಡುತ್ತಿದ್ದರೆ ತೊಂದರೆ ಆ ಹೇಂಟೆಯದು. ಮೂರು ನಾಲ್ಕು ಒಟ್ಟಿಗೆ ಶುರು ಮಾಡಿದರೆ ಮೇವು, ಸೆಕೆ, ಇಲ್ಲವೇ ಕಾಯಿಲೆ.

ಸಿಪ್ಪೆ ಕಟ್ಟುವುದು ರಾತ್ರಿ

ಇದೊಂದು ವಿಷಯ ತಿಳಿದರೆ ಅರ್ಧ ಕೆಲಸ ಆದಂತೆ. ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಹಿಡಿಯುತ್ತದೆ. ಹಳದಿ ಇಳಿದ ಮೇಲೆ ಬಿಳಿ ಲೋಳೆ ಸುತ್ತಿಕೊಳ್ಳಲು ಸುಮಾರು 3 ಗಂಟೆ, ಪೊರೆ ಕಟ್ಟಲು ಒಂದು ಗಂಟೆ ಚಿಲ್ಲರೆ. ಉಳಿದ 18–20 ಗಂಟೆ ಪೂರ್ತಿ ಸಿಪ್ಪೆಗೇ ಹೋಗುತ್ತದೆ. ಅದರಲ್ಲೂ ಹೆಚ್ಚಿನ ಕೆಲಸ ನಡೆಯುವುದು ಕೋಳಿ ಗೂಡಿನಲ್ಲಿ ಮಲಗಿರುವಾಗ, ಹೊಟ್ಟೆಗೆ ಏನೂ ಬೀಳದ ಹೊತ್ತಿನಲ್ಲಿ. ಆಗ ಕ್ಯಾಲ್ಸಿಯಂ ಬರುವುದು ಎರಡೇ ಕಡೆಯಿಂದ: ಕಾಳು ಅರೆಯುವ ಚೀಲದಲ್ಲಿ ಉಳಿದು ನಿಧಾನಕ್ಕೆ ಕರಗುವ ಚಿಪ್ಪಿನ ಚೂರಿನಿಂದ, ಅದಿಲ್ಲದಿದ್ದರೆ ಮೂಳೆಯಿಂದ.

ಹಾಗಾಗಿ ಕ್ಯಾಲ್ಸಿಯಂ ಕೊಡುವ ಹೊತ್ತು ಮಧ್ಯಾಹ್ನ ಮೂರರಿಂದ ಸಂಜೆ ಗೂಡು ಸೇರುವವರೆಗೆ. ನುಣ್ಣನೆ ಪುಡಿ ಬೇಡ, ಅದು ಎರಡು ಮೂರು ಗಂಟೆಯಲ್ಲಿ ಮುಂದೆ ಹೋಗಿಬಿಡುತ್ತದೆ. ಸಾಸಿವೆಗಿಂತ ದೊಡ್ಡದು, ಹೆಸರುಕಾಳಿಗಿಂತ ಚಿಕ್ಕದು, ಅಂದರೆ 2–4 ಮಿಲಿಮೀಟರಿನ ಚೂರು ರಾತ್ರಿಯಿಡೀ ಕರಗುತ್ತಾ ಇರುತ್ತದೆ.

ರಾಗಿ ಸಾಕಲ್ಲವೇ?

ರಾಗಿ ಉಂಡವನಿಗೆ ಮೂಳೆ ಗಟ್ಟಿ ಅನ್ನುವ ನಾಡು ನಮ್ಮದು, ಈ ಪ್ರಶ್ನೆ ಸಹಜ. ಧಾನ್ಯಗಳಲ್ಲಿ ರಾಗಿಯಷ್ಟು ಕ್ಯಾಲ್ಸಿಯಂ ಇನ್ಯಾವುದರಲ್ಲೂ ಇಲ್ಲ ಎಂಬುದು ನಿಜ: 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ. ಆದರೆ ಹೇಂಟೆ ದಿನಕ್ಕೆ ತಿನ್ನುವುದು 100–120 ಗ್ರಾಂ ಮೇವು. ಅಷ್ಟೂ ರಾಗಿಯೇ ಆದರೂ 0.4 ಗ್ರಾಂ ಸಿಗುತ್ತದೆ. ದಿನಾ ಮೊಟ್ಟೆ ಇಡುವ ಹೇಂಟೆಯ ಮೇವಿನಲ್ಲಿ 3.5ರಿಂದ 4 ಗ್ರಾಂ ಇರಬೇಕು, ಏಕೆಂದರೆ ತಿಂದದ್ದರಲ್ಲಿ ಸುಮಾರು ಅರ್ಧದಷ್ಟು ಮಾತ್ರ ಮೈಗೆ ಹತ್ತುತ್ತದೆ. ಅಕ್ಕಿ ನುಚ್ಚಿನಲ್ಲಿ, ಅನ್ನದಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ತೌಡಿನಲ್ಲಿ ರಂಜಕ ಜಾಸ್ತಿ, ಅದರ ಜೊತೆಗಿರುವ ಫೈಟೇಟ್ ಎಂಬ ಅಂಶ ಇದ್ದಬದ್ದ ಕ್ಯಾಲ್ಸಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಬರೀ ತೌಡು ಕಲಸಿ ಹಾಕುವ ಮನೆಗಳಲ್ಲಿ ಸಿಪ್ಪೆ ತೆಳುವಾಗುವುದು ಇದರಿಂದಲೇ.

ರಾಗಿ ಬಿಡಬೇಕಾಗಿಲ್ಲ. ಒಟ್ಟು ಮೇವಿನಲ್ಲಿ ಅದು ಒಂದು ಪಾಲಾಗಿ ಇರಲಿ.

ಮೇವು ಸರಿಪಡಿಸುವ ಕ್ರಮ

ಸುಲಭದ ದಾರಿ ಲೇಯರ್ ಫೀಡ್, ಅಂದರೆ ಮೊಟ್ಟೆ ಕೋಳಿಗೆಂದೇ ಮಾಡಿದ ಮೇವು. ಅದರಲ್ಲಿ 3.5–4 ಪ್ರತಿಶತ ಕ್ಯಾಲ್ಸಿಯಂ, 16–17 ಪ್ರತಿಶತ ಪ್ರೋಟೀನ್, ಬೇಕಾದಷ್ಟು ಡಿ3 ವಿಟಮಿನ್ ಇರುತ್ತದೆ. ಅಂಗಡಿಯಲ್ಲಿ ಬರೀ "ಕೋಳಿ ಫೀಡ್ ಕೊಡಿ" ಅಂದರೆ ಮಾಂಸದ ಕೋಳಿಗೆ ಹಾಕುವ ಬ್ರಾಯ್ಲರ್ ಸ್ಟಾರ್ಟರನ್ನೋ ಫಿನಿಷರನ್ನೋ ಕಟ್ಟಿಕೊಡುವುದು ಮಾಮೂಲು, ಹೆಚ್ಚು ಮಾರಾಟವಾಗುವುದು ಅದೇ. ಅದರಲ್ಲಿ ಕ್ಯಾಲ್ಸಿಯಂ 1 ಪ್ರತಿಶತದ ಆಸುಪಾಸು ಮಾತ್ರ. "ಅಣ್ಣ, ಮೊಟ್ಟೆ ಕೋಳಿಗೆ ಹಾಕೋ ಲೇಯರ್ ಮ್ಯಾಶ್ ಬೇಕು, ಬ್ರಾಯ್ಲರ್‌ದು ಬೇಡ" ಎಂದು ಬಿಡಿಸಿ ಕೇಳಿ, ಚೀಲದ ಮೇಲಿನ ಚೀಟಿ ಓದಿ ತನ್ನಿ. ಹಳೇ ಮೇವಿನಿಂದ ಒಂದೇ ದಿನದಲ್ಲಿ ಬದಲಾಯಿಸದೆ, ಒಂದು ವಾರ ಬೆರೆಸುತ್ತಾ ಹೋಗಿ.

ಮನೆಯಲ್ಲೇ ಮಿಶ್ರಣ ಮಾಡುವವರಿಗೆ 10 ಕೆಜಿಯ ಲೆಕ್ಕ ಇದು: ಮುಸುಕಿನ ಜೋಳದ ನುಚ್ಚು ನಾಲ್ಕೂವರೆ ಕೆಜಿ, ರಾಗಿ 1 ಕೆಜಿ, ಅಕ್ಕಿ ತೌಡು 1 ಕೆಜಿ, ಸೋಯಾ ಹಿಂಡಿ 2 ಕೆಜಿ 400 ಗ್ರಾಂ, ಚಿಪ್ಪಿನ ಚೂರು 900 ಗ್ರಾಂ, ಕೋಳಿಗೆಂದೇ ಬರುವ ಖನಿಜ ಮತ್ತು ವಿಟಮಿನ್ ಮಿಶ್ರಣ 170 ಗ್ರಾಂ, ಉಪ್ಪು 30 ಗ್ರಾಂ. ಇದರಲ್ಲಿ ಪ್ರೋಟೀನ್ 16 ಪ್ರತಿಶತ ಮೀರುತ್ತದೆ, ಕ್ಯಾಲ್ಸಿಯಂ ಮೂರೂವರೆಗೆ ಬರುತ್ತದೆ. ಹಸುವಿಗೆ ತಂದಿಟ್ಟ ಖನಿಜ ಮಿಶ್ರಣವನ್ನೇ ಹಾಕಿದರಾಯಿತು ಅನ್ನಬೇಡಿ, ಅದರ ಪ್ರಮಾಣವೇ ಬೇರೆ.

ಪ್ರೋಟೀನ್ ಮಾತು ಯಾಕೆ ಬಂತೆಂದರೆ, ಸಿಪ್ಪೆಯ ಒಳಗಿನ ಪೊರೆಯೂ ಸಿಪ್ಪೆಗೆ ಆಧಾರವಾಗುವ ಜಾಲವೂ ಪ್ರೋಟೀನಿನದೇ. ರೇಷ್ಮೆ ಇರುವ ಊರುಗಳಲ್ಲಿ ನೂಲು ಬಿಚ್ಚಿದ ಮೇಲೆ ಉಳಿಯುವ ಹುಳು ಒಳ್ಳೆ ಪ್ರೋಟೀನ್. ಅದನ್ನು ಚೆನ್ನಾಗಿ ಒಣಗಿಸಿ ಸ್ವಲ್ಪವೇ ಕೊಡಿ. ಹಸಿಯಾಗಿ ಇಟ್ಟರೆ ಬೇಗ ಕೊಳೆಯುತ್ತದೆ, ಜಾಸ್ತಿ ತಿಂದರೆ ಮೊಟ್ಟೆಗೂ ವಾಸನೆ ಬರುತ್ತದೆ.

ಮೇವು ಯಾವುದೇ ಇರಲಿ, ಚಿಪ್ಪಿನ ಚೂರಿಗೆ ಒಂದು ಬೇರೆ ಡಬ್ಬಿ ಇರಲೇಬೇಕು. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಕೆಲಸ ಮಾಡುವುದಾದರೆ ಇದನ್ನು ಮಾಡಿ. ಫೀಡ್ ಅಂಗಡಿಗಳಲ್ಲಿ ಶೆಲ್ ಗ್ರಿಟ್ ಎಂದು ಕೇಳಿದರೆ ಸಮುದ್ರದ ಕಪ್ಪೆಚಿಪ್ಪಿನ ಚೂರು ಸಿಗುತ್ತದೆ. ಕಲ್ಲಿನ ಗ್ರಿಟ್ ಎಂದು ಇನ್ನೊಂದು ಬರುತ್ತದೆ. ಅದು ಕಾಳು ಅರೆಯಲಿಕ್ಕೆ ಮಾತ್ರ, ಕರಗುವುದಿಲ್ಲ, ಅದರಿಂದ ಸಿಪ್ಪೆಗೆ ಏನೂ ಸಿಗದು. ಅಗಲ ಬಾಯಿಯ ಭಾರದ ಮಣ್ಣಿನ ಬಟ್ಟಲಿನಲ್ಲಿ ಎರಡು ಬೆರಳಷ್ಟು ಹಾಕಿ, ಮಳೆ ಬೀಳದ ಕಡೆ, ಕೋಳಿಯ ಎದೆಮಟ್ಟಕ್ಕೆ ಇಡಿ. ಸಂಜೆ ಹೊತ್ತು ನಿಂತು ನೋಡಿ: ನಾಳೆ ಮೊಟ್ಟೆ ಇಡಲಿರುವ ಹೇಂಟೆ ನೇರ ಬಟ್ಟಲಿಗೆ ಬಂದು, ತಲೆ ಓರೆ ಮಾಡಿ ಒಂದೊಂದೇ ಚೂರು ಆರಿಸಿ ನುಂಗುತ್ತದೆ. ಹುಂಜ ಒಂದು ಸಲ ಕುಕ್ಕಿ ನೋಡಿ ಹೊರಟುಹೋಗುತ್ತದೆ. ಎಷ್ಟು ಬೇಕೆಂದು ಕೋಳಿಗೆ ಗೊತ್ತು. ಬರೀ ಮನೆ ಮೇವಿನ ಮೇಲಿರುವ, ದಿನಾ ಇಡುವ ಹೇಂಟೆಗೆ 10 ಗ್ರಾಂವರೆಗೆ, ಅಂದರೆ ಒಂದೂವರೆ ಎರಡು ಟೀ ಚಮಚ ಬೇಕಾಗಬಹುದು. ಲೇಯರ್ ಫೀಡ್ ತಿನ್ನುವುದಕ್ಕೆ ಇದರ ಕಾಲುಭಾಗವೂ ಬೇಕಾಗದು.

ಬೇರೆ ಡಬ್ಬಿ ಯಾಕೆಂದರೆ ಹಿತ್ತಲಲ್ಲಿ ಮರಿಗಳೂ ಇರುತ್ತವೆ. ನಾಲ್ಕು ತಿಂಗಳೊಳಗಿನ ಮರಿಗೆ ಲೇಯರ್ ಫೀಡಿನಷ್ಟು ಕ್ಯಾಲ್ಸಿಯಂ ಸತತವಾಗಿ ಸಿಕ್ಕರೆ ಮೂತ್ರಪಿಂಡ ಹಾಳಾಗುತ್ತದೆ. ಮರಿ, ಹೇಂಟೆ, ಹುಂಜ ಎಲ್ಲವೂ ಒಟ್ಟಿಗೆ ತಿನ್ನುವ ಮನೆಯಲ್ಲಿ ಎಲ್ಲಕ್ಕೂ ಕ್ಯಾಲ್ಸಿಯಂ ಕಡಿಮೆ ಇರುವ ಮೇವು ಹಾಕಿ, ಚಿಪ್ಪಿನ ಬಟ್ಟಲನ್ನು ಪಕ್ಕದಲ್ಲಿ ಇಡುವುದು ಒಳ್ಳೆಯದು.

ಮನೆಯ ಮೊಟ್ಟೆ ಸಿಪ್ಪೆ ಕೂಡ ಬರುತ್ತದೆ. ತೊಳೆದು, ಬಿಸಿಲಲ್ಲಿ ಒಣಗಿಸಿ, ಕಾವಲಿ ಮೇಲೆ ಹತ್ತು ನಿಮಿಷ ಬಿಸಿ ಮಾಡಿ, ಕೈಯಲ್ಲೇ ಪುಡಿಗುಟ್ಟಿ. ಮೊಟ್ಟೆಯ ಗುರುತು ಸಿಗದಷ್ಟು ಚೂರಾಗಲಿ, ಇಲ್ಲದಿದ್ದರೆ ಮೊಟ್ಟೆ ಕುಕ್ಕಿ ತಿನ್ನುವ ಚಟ ಹತ್ತೀತು. ಆದರೆ ತಾನಿಟ್ಟ ಸಿಪ್ಪೆಯನ್ನೇ ತಿನ್ನಿಸುತ್ತಾ ಹೋದರೆ ಲೆಕ್ಕ ಸರಿಹೋಗುವುದಿಲ್ಲ. ತಿಂದದ್ದರಲ್ಲಿ ಅರ್ಧ ಆಚೆ ಹೋಗುತ್ತದಲ್ಲ. ಪಕ್ಕದ ಮನೆಯದೋ ಬೇಕರಿಯದೋ ಸಿಪ್ಪೆ ಸೇರಿಸಬೇಕು, ಇಲ್ಲವೇ ಚಿಪ್ಪು ತರಬೇಕು.

ತುಂಬಾ ಸೋತ ಕೋಳಿಗೆ, ಮೇವು ಸರಿಹೋಗುವವರೆಗೆ, ಮೆಡಿಕಲ್ ಅಂಗಡಿಯಲ್ಲಿ ಸಿಗುವ 500 ಮಿಲಿಗ್ರಾಂ ಕ್ಯಾಲ್ಸಿಯಂ ಮಾತ್ರೆಯನ್ನು ದಿನಕ್ಕೊಂದರಂತೆ ಮೂರರಿಂದ ಐದು ದಿನ ಅನ್ನದ ಉಂಡೆಯಲ್ಲಿಟ್ಟು ಕೊಡುವವರಿದ್ದಾರೆ. ಪಶುವೈದ್ಯರನ್ನು ಒಂದು ಮಾತು ಕೇಳಿ ಕೊಡಿ, ತಿಂಗಳುಗಟ್ಟಲೆ ಮಾತ್ರ ಬೇಡ. ಹಸುವಿಗೆ ಕುಡಿಸುವ ಕ್ಯಾಲ್ಸಿಯಂ ಬಾಟಲಿಗೂ ಇದೇ ಮಾತು: ಅದರ ಮೇಲೆ ಕೋಳಿಗೆ ಎಷ್ಟು ಎಂದು ಬರೆದಿದ್ದರೆ ಮಾತ್ರ ಅಷ್ಟೇ ಬಳಸಿ.

ಎಲೆಅಡಿಕೆ ಸುಣ್ಣ ಯಾಕೆ ಬೇಡ

ಕಪ್ಪೆಚಿಪ್ಪು, ಮೊಟ್ಟೆ ಸಿಪ್ಪೆ, ಸುಣ್ಣದ ಕಲ್ಲು ಇವೆಲ್ಲ ಕ್ಯಾಲ್ಸಿಯಂ ಕಾರ್ಬೊನೇಟ್. ಕೋಳಿಯ ಸಿಪ್ಪೆಯೂ ಸುಮಾರು 95 ಪ್ರತಿಶತ ಅದೇ. ಆದರೆ ಚಿಪ್ಪನ್ನೋ ಕಲ್ಲನ್ನೋ ಸುಣ್ಣದ ಭಟ್ಟಿಯಲ್ಲಿ ಸುಟ್ಟು ನೀರು ಹಾಕಿ ಅರಳಿಸಿದಾಗ ಸಿಗುವ ಸುಣ್ಣ ಬೇರೆಯೇ ವಸ್ತು. ಅದು ತೀರಾ ಕ್ಷಾರ, ಬಾಯಿ ಗಂಟಲು ಸುಡುತ್ತದೆ. ಎಲೆಯ ಜೊತೆ ನಾವು ಹಚ್ಚಿಕೊಳ್ಳುವುದು ಕಡ್ಡಿಯ ತುದಿಯಷ್ಟು, ಅದು ಹೆಚ್ಚಾದರೆ ನಮ್ಮ ನಾಲಿಗೆಯೇ ಬೇಯುತ್ತದೆ. ಕೋಳಿಯ ನೀರಿಗೆ ಅದನ್ನು ಕದಡಿದರೆ ಮೊದಲು ಆಗುವುದು ನೀರು ಕುಡಿಯುವುದು ಕಡಿಮೆಯಾಗುವುದು. ನೀರು ಕಡಿಮೆಯಾದರೆ ಮೇವು ಕಡಿಮೆ, ಮೊಟ್ಟೆ ಇನ್ನೂ ಹಾಳು. ಗೋಡೆಗೆ ಬಳಿಯುವ ಸುಣ್ಣವನ್ನು ಗೂಡಿನ ಗೋಡೆಗೇ ಬಳಿಯಿರಿ, ಚೀರು ಉಣ್ಣೆ ಕಡಿಮೆಯಾಗುತ್ತವೆ.

ಬಿಸಿಲು ಬೇಕು, ಸೆಕೆ ಬೇಡ

ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರಲು ಡಿ3 ಬೇಕು. ಹಿತ್ತಲಲ್ಲಿ ಓಡಾಡುವ ಕೋಳಿಗೆ ಅದು ಬಿಸಿಲಿನಿಂದಲೇ ಸಿಗುತ್ತದೆ. ಮೈಸೂರಿನ ಬಡಾವಣೆಗಳಲ್ಲಿ ಮಾಳಿಗೆ ಮೇಲಿನ ಶೀಟಿನ ಗೂಡಿನಲ್ಲಿ, ಕಾರು ನಿಲ್ಲಿಸುವ ಜಾಗದ ಪಂಜರದಲ್ಲಿ ದಿನವೆಲ್ಲ ಕೂಡಿಟ್ಟ ಕೋಳಿಗೆ ಎಷ್ಟು ಚಿಪ್ಪು ಹಾಕಿದರೂ ಮೊಟ್ಟೆ ತೆಳುವಾಗೇ ಬಂದರೆ ಕಾರಣ ಇದಾಗಿರಬಹುದು. ಬೆಳಿಗ್ಗೆ, ಸಂಜೆ ಒಂದೆರಡು ಗಂಟೆ ಹೊರಗೆ ಬಿಡಿ. ಕಿಟಕಿ ಗಾಜಿನ ಮೂಲಕ ಬರುವ ಬಿಸಿಲು ಲೆಕ್ಕಕ್ಕಿಲ್ಲ. ಆಷಾಢದ ಮೋಡದ ದಿನಗಳಲ್ಲಿ ಕೋಳಿಗಳನ್ನು ಹೊರಗೆ ಬಿಡಲಾಗದಿದ್ದರೆ ಡಿ3 ಇರುವ ಫೀಡ್ ಹಾಕಿ.

ಸೆಕೆಯ ಕಥೆ ಬೇರೆ. ಶಿವರಾತ್ರಿ ಕಳೆದ ಮೇಲೆ ಮೇ ತಿಂಗಳವರೆಗೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಮಧ್ಯಾಹ್ನ 35 ಡಿಗ್ರಿ ದಾಟುವುದು ಮಾಮೂಲು. ಕೋಳಿಗೆ ಬೆವರಿಲ್ಲ. ಕೊಕ್ಕು ತೆರೆದು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಹಾಗೆ ಏದುಸಿರು ಬಿಡುವಾಗ ರಕ್ತದಿಂದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ಸಿಪ್ಪೆಯ ಕಾರ್ಬೊನೇಟ್ ಆಗಬೇಕಾದದ್ದು ಅದೇ. ಜೊತೆಗೆ ಮೇವು ತಿನ್ನುವುದೂ ಕಡಿಮೆಯಾಗುತ್ತದೆ. ಹೀಗೆ ಚಿಪ್ಪಿನ ಬಟ್ಟಲು ತುಂಬಿದ್ದರೂ ಬೇಸಿಗೆಯಲ್ಲಿ ಸಿಪ್ಪೆ ತೆಳುವಾಗುತ್ತದೆ.

ಗೂಡಿನ ಶೀಟಿನ ಮೇಲೆ ತೆಂಗಿನ ಗರಿಯನ್ನೋ ಕಬ್ಬಿನ ತರಗನ್ನೋ ಒಂದು ಅಡಿ ದಪ್ಪಕ್ಕೆ ಹೊದಿಸಿ. ಬಿಸಿಲು ಬೀಳುವ ಬದಿಗೆ ಗೋಣಿತಾಟು ಇಳಿಬಿಟ್ಟು ಮಧ್ಯಾಹ್ನ ಎರಡು ಸಲ ನೀರು ಚಿಮುಕಿಸಿ, ಆದರೆ ಗಾಳಿ ಆಡುವ ಇನ್ನೊಂದು ಬದಿ ತೆರೆದೇ ಇರಲಿ. ಹೊಂಗೆ ಮರದ ನೆರಳು ಇದ್ದರೆ ಅದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ. ಮೇವನ್ನು ಬೆಳಿಗ್ಗೆ ಏಳರೊಳಗೆ ಒಂದು ಸಲ, ಸಂಜೆ ನಾಲ್ಕರ ಮೇಲೆ ಒಂದು ಸಲ ಹಾಕಿ. ಬಿಸಿಲು ನೆತ್ತಿಗೇರಿದಾಗ ತಿನ್ನಿಸಿದರೆ ಮೈ ಇನ್ನಷ್ಟು ಕಾಯುತ್ತದೆ.

ನೀರು ಮಣ್ಣಿನ ಪಾತ್ರೆಯಲ್ಲಿ, ನೆರಳಲ್ಲಿ, ದಿನಕ್ಕೆರಡು ಸಲ ಬದಲಾಯಿಸಿ. ತಣ್ಣನೆ ಕಾಲದಲ್ಲಿ ಕಾಲು ಲೀಟರ್ ಕುಡಿಯುವ ಹೇಂಟೆಗೆ ಸೆಕೆಯಲ್ಲಿ ಅರ್ಧ ಲೀಟರ್ ಬೇಕಾಗುತ್ತದೆ. ಬೋರ್‌ವೆಲ್ ನೀರು ಉಪ್ಪುಪ್ಪಾಗಿದ್ದರೆ ಕುಡಿಯಲು ನಲ್ಲಿ ನೀರು ಇಡಿ. ನೀರಿನಲ್ಲಿ ಉಪ್ಪಿನಂಶ ಹೆಚ್ಚಿದ್ದರೆ ಸಿಪ್ಪೆ ಕೆಡುತ್ತದೆ, ಮೇವಿನ ತಪ್ಪೆಂದುಕೊಂಡು ನಾವು ಬೇರೆಡೆ ಹುಡುಕುತ್ತಿರುತ್ತೇವೆ.

ಬೆದರಿಕೆ, ಬೂಷ್ಟು, ಸೊಪ್ಪು

ರಾತ್ರಿ ಮುಂಗುಸಿಯೋ ಬೆಕ್ಕೋ ಗೂಡಿನ ಸುತ್ತ ಸುಳಿದರೆ, ದೀಪಾವಳಿಯ ಪಟಾಕಿ ಪಕ್ಕದಲ್ಲೇ ಸಿಡಿದರೆ, ಕೋಳಿ ಹೆದರಿ ಸಿಪ್ಪೆ ಕಟ್ಟುವ ಮುಂಚೆಯೇ ಮೊಟ್ಟೆ ಬೀಳಿಸುತ್ತದೆ. ಊರಿಂದ ಊರಿಗೆ ಸಾಗಿಸಿದಾಗ, ಹೊಸ ಕೋಳಿ ತಂದು ಬಿಟ್ಟು ಕಾದಾಟವಾದಾಗಲೂ ಅಷ್ಟೇ. ಇದಕ್ಕೆ ಮದ್ದಿಲ್ಲ. ಗೂಡಿನ ಕಿಂಡಿಗಳಿಗೆ ಸಣ್ಣ ಕಣ್ಣಿನ ಜಾಲರಿ ಹೊಡೆದು, ರಾತ್ರಿಯಿಡೀ ದೀಪ ಉರಿಸದೆ, ಒಂದು ವಾರ ನೆಮ್ಮದಿಯಾಗಿ ಬಿಟ್ಟರೆ ತಾನೇ ಸರಿಹೋಗುತ್ತದೆ.

ಬೂಷ್ಟು ಹಿಡಿದ ಮುಸುಕಿನ ಜೋಳ, ಕಮಟು ಕಡಲೆಕಾಯಿ ಹಿಂಡಿ, ಹಳಸಿದ ಅನ್ನ ಕೋಳಿಗೆ ನಡೆಯುತ್ತದೆ ಎಂಬ ಉದಾಸೀನ ನಮ್ಮಲ್ಲಿದೆ. ಬೂಷ್ಟಿನ ವಿಷ ಪಿತ್ತಜನಕಾಂಗಕ್ಕೆ ಹೊಡೆಯುತ್ತದೆ, ಡಿ3 ಕೆಲಸಕ್ಕೆ ಬರುವಂತಾಗುವುದು ಮೊದಲು ಅಲ್ಲಿಯೇ. ಮಳೆಗಾಲದಲ್ಲಿ ಮೇವಿನ ಚೀಲವನ್ನು ನೆಲಕ್ಕೆ ತಾಗಿಸದೆ ಹಲಗೆ ಮೇಲಿಡಿ, ಮುಗ್ಗಲು ವಾಸನೆ ಬಂದದ್ದನ್ನು ಎಸೆಯಿರಿ.

ಸೊಪ್ಪಿನಲ್ಲಿ ನುಗ್ಗೆ ಸೊಪ್ಪು ಒಳ್ಳೆಯದು, ಕ್ಯಾಲ್ಸಿಯಂ ಚೆನ್ನಾಗಿದೆ. ಪಾಲಕ್, ದಂಟು ದಿನಾ ರಾಶಿ ಹಾಕಬೇಡಿ. ಅವುಗಳ ಆಕ್ಸಲಿಕ್ ಆಮ್ಲ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಹೇಗಿದ್ದರೂ ಸೊಪ್ಪು ಮೇಲೋಗರ, ಅದನ್ನೇ ನಂಬಿ ಕೂರುವಂತಿಲ್ಲ.

ಕಾಯಿಲೆ ಎಂದು ಯಾವಾಗ ಅನುಮಾನಿಸಬೇಕು

ಮೆತ್ತನೆ ಮೊಟ್ಟೆಯ ಜೊತೆ ಸೀನು, ಗೊರಗೊರ ಉಸಿರು, ಸುಕ್ಕು ಸಿಪ್ಪೆ, ನೀರು ನೀರಾದ ಬಿಳಿ ಲೋಳೆ ಕಂಡರೆ ಸಾಂಕ್ರಾಮಿಕ ಬ್ರಾಂಕೈಟಿಸ್ ಇರಬಹುದು. ಹಸಿರು ಮಿಶ್ರಿತ ಬಿಳಿ ಭೇದಿ, ಕತ್ತು ತಿರುಚುವುದು, ಒಂದರ ಹಿಂದೆ ಒಂದು ಸಾಯುವುದು ಕೊಕ್ಕರೆ ರೋಗದ ಲಕ್ಷಣ. ಇನ್ನೊಂದು ಇದೆ, ಎಗ್ ಡ್ರಾಪ್ ಸಿಂಡ್ರೋಮ್, 1976ರಲ್ಲಿ ಮೊದಲು ವರದಿಯಾದದ್ದು. ಇದರಲ್ಲಿ ಕೋಳಿ ನೋಡಲು ಆರೋಗ್ಯವಾಗೇ ಇರುತ್ತದೆ. ಕಂದು ಮೊಟ್ಟೆಯ ಬಣ್ಣ ಮೊದಲು ಮಾಸುತ್ತದೆ, ಆಮೇಲೆ ಹಲವು ಹೇಂಟೆಗಳು ಒಟ್ಟಿಗೆ ತೆಳು ಸಿಪ್ಪೆಯ, ಸಿಪ್ಪೆಯಿಲ್ಲದ ಮೊಟ್ಟೆ ಇಡತೊಡಗುತ್ತವೆ. ಆ ವೈರಸ್ಸಿನ ಸಹಜ ನೆಲೆ ಬಾತುಕೋಳಿ. ಗದ್ದೆ ಬಯಲಿನ ಊರುಗಳಲ್ಲಿ ಬಾತುಕೋಳಿ ಇಳಿಯುವ ನೀರಿಗೆ ನಿಮ್ಮ ಕೋಳಿ ಬಿಡಬೇಡಿ.

ಮೂರೂ ವೈರಸ್ಸುಗಳೇ, ಬಂದ ಮೇಲೆ ವಾಸಿ ಮಾಡುವ ಔಷಧಿ ಇಲ್ಲ. ಅಂಗಡಿಯಿಂದ ತಂದು ನೀರಿಗೆ ಹಾಕುವ ಆಂಟಿಬಯೋಟಿಕ್ ಪುಡಿಯಿಂದ ಸಿಪ್ಪೆ ಗಟ್ಟಿಯಾಗುವುದಿಲ್ಲ. ಸಲ್ಫಾ ಜಾತಿಯ ಕೆಲವು ಔಷಧಿಗಳಂತೂ ಸಿಪ್ಪೆಯನ್ನು ತಾವೇ ತೆಳು ಮಾಡುತ್ತವೆ. ಡಾಕ್ಟರಿಗೆ ತೋರಿಸದೆ ಕೊಡಬೇಡಿ. ಕೊಕ್ಕರೆ ರೋಗಕ್ಕೆ ಲಸಿಕೆ ಇದೆ: ಮರಿಗೆ ಮೊದಲ ವಾರದಲ್ಲಿ ಲಸೋಟಾ ಅಥವಾ ಎಫ್1, ಎಂಟು ವಾರಕ್ಕೆ ಆರ್2ಬಿ. ಮೊಟ್ಟೆಗೆ ಬರುವ ಮೊದಲೇ ಇದು ಮುಗಿದಿರಬೇಕು. ಸಂತೆಯಿಂದ ತಂದ ಕೋಳಿಯನ್ನು ಎರಡು ಮೂರು ವಾರ ಬೇರೆ ಇಟ್ಟೇ ಹಳೆಯವುಗಳ ಜೊತೆ ಬಿಡಿ.

ಕೋಳಿಗಳು ದಿಢೀರನೆ ಸಾಲಾಗಿ ಸತ್ತರೆ ಕೊಯ್ಯಬೇಡಿ, ತಿಪ್ಪೆಗೂ ಎಸೆಯಬೇಡಿ, ಪಶು ಆಸ್ಪತ್ರೆಗೆ ತಿಳಿಸಿ. 2020ರ ಮಾರ್ಚ್‌ನಲ್ಲಿ ಮೈಸೂರಿನಲ್ಲೇ ಹಕ್ಕಿಜ್ವರ ಪತ್ತೆಯಾಗಿತ್ತು. ಮೇವಿನ ಬಗ್ಗೆ, ತಳಿಯ ಬಗ್ಗೆ ಸಲಹೆ ಬೇಕಿದ್ದರೆ ಮಂಡ್ಯದವರಿಗೆ ವಿ.ಸಿ. ಫಾರಂನಲ್ಲಿ, ಮೈಸೂರು ಜಿಲ್ಲೆಯವರಿಗೆ ಸುತ್ತೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ.

ಸಿಪ್ಪೆ ಗಟ್ಟಿಯಾಗುತ್ತಿದೆಯೇ ಎಂದು ತಿಳಿಯುವುದು

ಬರೀ ಮೇವಿನ ಕೊರತೆಯಾಗಿದ್ದರೆ ಕೆಲವೇ ದಿನದಲ್ಲಿ ವ್ಯತ್ಯಾಸ ಕಾಣತೊಡಗುತ್ತದೆ, ಒಂದೆರಡು ವಾರದಲ್ಲಿ ಸಿಪ್ಪೆ ಸರಿಹೋಗುತ್ತದೆ. ಮೂಳೆಯಿಂದ ಹೋದದ್ದು ತುಂಬಲು ಇನ್ನೂ ಹೆಚ್ಚು ಕಾಲ ಬೇಕು, ಹಾಗಾಗಿ ಮೊಟ್ಟೆ ಗಟ್ಟಿಯಾಯಿತೆಂದು ಚಿಪ್ಪಿನ ಬಟ್ಟಲು ಎತ್ತಿಡಬೇಡಿ.

ಕಣ್ಣಂದಾಜಿಗಿಂತ ತೂಕ ವಾಸಿ. ಅಡುಗೆಮನೆಯ ಅಥವಾ ಚಿನ್ನ ತೂಗುವ ಸಣ್ಣ ತಕ್ಕಡಿಯಲ್ಲಿ ಮೊಟ್ಟೆ ತೂಗಿ ಬರೆದಿಟ್ಟುಕೊಳ್ಳಿ. ಒಡೆದು ಬಳಸಿದ ಮೇಲೆ ಸಿಪ್ಪೆಯನ್ನು ಒಳಪೊರೆ ಸಮೇತ ತೊಳೆದು, ಗರಿಗರಿ ಒಣಗಿಸಿ ತೂಗಿ. 50 ಗ್ರಾಂ ಮೊಟ್ಟೆಗೆ ಸಿಪ್ಪೆ ನಾಲ್ಕೂವರೆಯಿಂದ 5 ಗ್ರಾಂ ಬಂದರೆ ಚೆನ್ನಾಗಿದೆ. 4ಕ್ಕೆ ಇಳಿದರೆ ಮುಂದೆ ಮೆತ್ತನೆಯದು ಬರುವ ಸೂಚನೆ. ರಾತ್ರಿ ಮೊಬೈಲ್ ಟಾರ್ಚಿನ ಮೇಲೆ ಮೊಟ್ಟೆ ಇಟ್ಟು ನೋಡಿದರೂ ತೆಳುವಾದ ಕಡೆ ಬೆಳಕಿನ ಚುಕ್ಕೆ ಚುಕ್ಕೆ ಕಾಣುತ್ತದೆ.

ಮೇವು, ಬಿಸಿಲು, ನೀರು, ನೆಮ್ಮದಿ ಎಲ್ಲ ಸರಿಯಿದ್ದು ತಿಂಗಳು ಕಳೆದರೂ ಒಂದೇ ಹೇಂಟೆ ಮೆತ್ತನೆಯದನ್ನೇ ಇಡುತ್ತಿದ್ದರೆ ಸಿಪ್ಪೆ ಕಟ್ಟುವ ಅಂಗಕ್ಕೇ ಏಟು ಬಿದ್ದಿರಬಹುದು. ಮರಿಯಲ್ಲಿ ಬಂದುಹೋದ ಬ್ರಾಂಕೈಟಿಸ್ ಹೀಗೆ ಮಾಡುವುದುಂಟು. ಅದು ಸರಿಹೋಗುವುದಿಲ್ಲ. ಅಂಥ ಹೇಂಟೆಗೆ ಮೊಟ್ಟೆ ಸಿಕ್ಕಿಕೊಳ್ಳುವ ಅಪಾಯ ಸದಾ ಇರುವುದರಿಂದ, ನರಳಿಸುತ್ತಾ ಇಟ್ಟುಕೊಳ್ಳುವುದಕ್ಕಿಂತ ಆರೋಗ್ಯವಾಗಿರುವಾಗಲೇ ಅಡುಗೆಗೆ ಕೊಡುವುದು ಕರುಣೆಯ ಕೆಲಸ ಎನ್ನುವುದು ನನ್ನ ಅಭಿಪ್ರಾಯ. ಹೆಸರಿಟ್ಟು ಸಾಕಿದವರು ಉಳಿಸಿಕೊಳ್ಳಲಿ, ಆದರೆ ದಿನಾ ಕಣ್ಣಿಟ್ಟಿರಬೇಕು.

ಸಿಕ್ಕ ಮೆತ್ತನೆ ಮೊಟ್ಟೆಯನ್ನು ಏನು ಮಾಡುವುದು

ಗೂಡಿನಲ್ಲಿ ಬಿಡಬೇಡಿ. ಒಂದು ಸಲ ಒಡೆದು ರುಚಿ ನೋಡಿದ ಕೋಳಿ ಆಮೇಲೆ ಗಟ್ಟಿ ಮೊಟ್ಟೆಯನ್ನೂ ಕುಕ್ಕುತ್ತದೆ, ಉಳಿದವೂ ಕಲಿಯುತ್ತವೆ. ಸಿಪ್ಪೆ ಇಲ್ಲದ ಮೊಟ್ಟೆಗೆ ಹಿಕ್ಕೆಯ ಕೊಳೆ ಸುಲಭವಾಗಿ ಒಳಗಿಳಿಯುತ್ತದೆ, ಹಾಗಾಗಿ ತಿನ್ನದಿರುವುದೇ ಒಳ್ಳೆಯದು. ಆಗತಾನೆ ಇಟ್ಟು ಪೊರೆ ಹರಿಯದೆ ಚೊಕ್ಕಟವಾಗಿದ್ದರೆ ಪೂರ್ತಿ ಬೇಯಿಸಿ ಬಳಸಬಹುದು, ಅರೆಬೆಂದದ್ದು ಬೇಡ. ಕಾವಿಗೆ ಇಡುವ ಮಾತೇ ಇಲ್ಲ. ಕೋಳಿಗೆ ಔಷಧಿ ಕೊಡುತ್ತಿದ್ದರೆ ಎಷ್ಟು ದಿನದವರೆಗೆ ಮೊಟ್ಟೆ, ಮಾಂಸ ಎರಡನ್ನೂ ಬಳಸಬಾರದೆಂದು ಡಾಕ್ಟರನ್ನು ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.